ಅಕ್ಕ ಹೊಲಿದ ಡೇರೆ

ಜನವರಿ 14

ತಂಗಿಗೆ,

ನಾನು ಯಾರೆಂಬುದು ನಿನಗೆ ಮರೆತುಹೋದಂತಿದೆ. ಆದ್ದರಿಂದ ಮೊದಲು ಅದನ್ನೇ ಬರೆಯುತ್ತೇನೆ. ನಾನು ಈ ಮನೆಗೆ ಹಿರಿಯಳು. ಒಂದೇ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಶುರು ಮಾಡಿದ ಕ್ಯಾನ್ವಾಸ್ ಕೆಲಸವನ್ನು ಇಡೀ ಬೀದಿಗೆ ಸದ್ದು ಕೇಳುವಂಥ ಕಾರ್ಖಾನೆ ಮಾಡಿದವಳು. ಈ ಊರಿನ ಲಾರಿಗಳ ಹೊದಿಕೆ, ಅಂಗಡಿಗಳ ಮುಂದಿನ ನೆರಳು, ಎಲ್ಲ ನನ್ನ ಕೈ ದಾಟಿ ಹೋದದ್ದು. ಹೈಸ್ಕೂಲಿಗೆ ಓದು ನಿಲ್ಲಿಸಿದವಳು ನಿಜ, ಆದರೆ ಕಾಲೇಜು ಓದಿದ ಮಗ ಬಟ್ಟೆ ಎಷ್ಟು ಬೇಕೆಂದು ಇವತ್ತಿಗೂ ನನ್ನ ಮುಖವನ್ನೇ ನೋಡುತ್ತಾನೆ. ಕೆಲಸದವರು ನನ್ನನ್ನು ದೊಡ್ಡಮ್ಮ ಅನ್ನುತ್ತಾರೆ. ನಾನು ಒಳಗೆ ಕಾಲಿಟ್ಟರೆ ರೇಡಿಯೊ ಸಣ್ಣದಾಗುತ್ತದೆ.

ಇಂಥವಳಿಗೆ ನೀನು ಕಳಿಸಿರುವುದೇನು? ಒಂದು ಫೋಟೊ. ಪ್ಯಾಂಟು ಹಾಕಿಕೊಂಡು, ತಲೆಗೆ ಬೋಗುಣಿ ಕವುಚಿದಂತೆ ಏನನ್ನೋ ಕಟ್ಟಿಕೊಂಡು, ಸೈಕಲ್ ಹಿಡಿದು ಹಲ್ಲು ಬಿಡುತ್ತಾ ನಿಂತಿದ್ದೀಯ. ಹಿಂದೆ ಒಂದು ಡೇರೆ. ಫೋಟೊದ ಬೆನ್ನಿಗೆ, "ಅಕ್ಕಾ, ಬರ್ತೀಯಾ? ಒಂದು ರಾತ್ರಿ, ನಾವಿಬ್ಬರೇ" ಎಂಬ ಬರಹ. ನರ್ಸ್ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿ ತಣ್ಣಗೆ ಕೂರುವ ವಯಸ್ಸು ನಿನ್ನದು. ನಿನ್ನ ಯಜಮಾನರು ಹೋಗಿ ಈಗಷ್ಟೇ ವರ್ಷ ಕಳೆದಿದೆ. ಮನೆಗೆ ಬೀಗ ಹಾಕಿ ಬಯಲಲ್ಲಿ ಮಲಗಲು ಹೋಗುತ್ತೀಯಂತೆ. ಅದಕ್ಕೆ ನಾನೂ ಬರಬೇಕಂತೆ.

ನಾನು ಬರುವುದಿಲ್ಲ. ನನ್ನ ಮಂಡಿ ನಿಲ್ಲುವುದಕ್ಕೇ ಲಾಯಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹೊಸ ವರ್ಷದಿಂದ ಬಟ್ಟೆ ಕತ್ತರಿಸುವ ಮೇಜನ್ನು ಸೊಸೆಗೆ ಬಿಟ್ಟುಕೊಟ್ಟಿದ್ದೇನೆ. ಮಗ ನನಗೊಂದು ಆರಾಮ ಕುರ್ಚಿ ಮಾಡಿಸಿ ಕಾರ್ಖಾನೆಯ ಬಾಗಿಲ ಬಳಿ ಹಾಕಿಸಿದ್ದಾನೆ. ನಮ್ಮದೇ ಕ್ಯಾನ್ವಾಸಿನದು. ಅಲ್ಲಿ ಕೂತರೆ ಹೋಗುವವರು ಬರುವವರು ಎಲ್ಲ ಕಾಣುತ್ತಾರೆ. ನನಗೆ ಇನ್ನೇನು ಬೇಕು?

ಇದಕ್ಕೆ ಉತ್ತರ ಕೊಡಬೇಕು ಅನ್ನಿಸಿದರೆ ಕಾಗದ ಬರೆ, ಫೋನು ಮಾಡಬೇಡ. ಫೋನಿನಲ್ಲಿ ನೀನು ನಡುವೆ ನಗುತ್ತೀಯ, ನನಗೆ ಸರಿಯಾಗಿ ಬೈಯಲು ಆಗುವುದಿಲ್ಲ. ಕಾಗದವಾದರೆ ನಾನು ಮುಗಿಸುವವರೆಗೆ ನೀನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ. ಆ ಡೇರೆ ಯಾವ ಬಟ್ಟೆಯದು? ಮೂಲೆಯ ಹೊಲಿಗೆ ಸುಕ್ಕು ಹಿಡಿದದ್ದು ಫೋಟೊದಲ್ಲೇ ಕಾಣುತ್ತಿದೆ.


ಜನವರಿ 27

ಅಕ್ಕಾ,

ಬಾಯಿ ಮುಚ್ಚಿಕೊಂಡೇ ಓದಿದೆ. ಮುಗಿದ ಮೇಲೆ ನಕ್ಕೆ.

ನೀನು ಯಾರೆಂದು ನನಗೆ ಮರೆತಿಲ್ಲ. ನೀನು ಸೈಕಲ್ ತುಳಿಯುತ್ತಿದ್ದೆ, ನಾನು ಕ್ಯಾರಿಯರ್ ಮೇಲೆ ಕೂತು ನಿನ್ನ ಜಡೆ ಹಿಡಿದುಕೊಂಡಿರುತ್ತಿದ್ದೆ. ಏರು ಬಂದರೆ ನೀನು "ಇಳಿಯೇ, ಭಾರ" ಅನ್ನುತ್ತಿದ್ದೆ. ನಾನು ಇಳಿಯುತ್ತಿರಲಿಲ್ಲ. ಸ್ಕೂಲಿನವರೆಲ್ಲ ನನ್ನನ್ನು ನಿನ್ನ ಬಾಲ ಅಂತಲೇ ಕರೆಯುತ್ತಿದ್ದರು. ನನಗೆ ಗೊತ್ತಿರುವ ನೀನು ಅವಳು. ದೊಡ್ಡಮ್ಮ ಆಮೇಲೆ ಬಂದವಳು.

ನಾನು ಈ ವಯಸ್ಸಿನಲ್ಲಿ ಸೈಕಲ್ ಕಲಿತೆ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ. ನಮ್ಮ ಸೈಕಲ್ ಗುಂಪಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ, ನಿವೃತ್ತ ಪೋಸ್ಟ್‌ಮ್ಯಾನ್. ಜೀವಮಾನವೆಲ್ಲ ಸೈಕಲ್ ತುಳಿದೂ ಸಾಕಾಗಲಿಲ್ಲವಂತೆ. ಅವರೇ ಹಿಂದಿನಿಂದ ಸೀಟು ಹಿಡಿದು ಕಲಿಸಿದ್ದು. ಕೈ ಬಿಟ್ಟಾಗ ಹೇಳಲೇ ಇಲ್ಲ.

ಡೇರೆ ಅಂಗಡಿಯದು. ಗಾಳಿ ಬಂದರೆ ಒಣ ಎಲೆಯಂತೆ ಪರಪರ ಅನ್ನುತ್ತದೆ, ಜೋರು ಮಳೆ ಬಂದರೆ ಸೋರುತ್ತದೆ. ಆದರೂ ಅದರೊಳಗೆ ನಿದ್ದೆ ಬರುತ್ತದೆ. ಮನೆಯಲ್ಲಿ ನಿದ್ದೆ ಅಷ್ಟಕ್ಕಷ್ಟೆ.

ಏಪ್ರಿಲ್‌ಗೆ ಮೊದಲು ಹೋಗೋಣ ಅಂತ ಆಸೆ. ಬೇರೆಯವರು ಬೇಡ, ನಾವಿಬ್ಬರೇ. ನಿನ್ನ ಊರಿಗೂ ನನ್ನ ಊರಿಗೂ ನಡುವೆ ಹಳೇ ಸೇತುವೆ ಇದೆಯಲ್ಲ, ಅಲ್ಲಿಂದ ಎಡಕ್ಕೆ ತಿರುಗಿದರೆ ಅಣೆಕಟ್ಟಿನ ಹಿನ್ನೀರು. ದಂಡೆಯಲ್ಲಿ ಡೇರೆ ಹಾಕಲು ಬಿಡುತ್ತಾರೆ. ಸುಕ್ಕು ಹಿಡಿಯದ ಡೇರೆ ಬೇಕಿದ್ದರೆ ನೀನೇ ಹೊಲಿದು ತಾ.

ನಿನ್ನ,
ಬಾಲ


ಫೆಬ್ರವರಿ 10

ತಂಗಿಗೆ,

ಡೇರೆ ಹೊಲಿಯುತ್ತಿದ್ದೇನೆ. ಹಿಗ್ಗಬೇಡ. ಬರುವುದಕ್ಕಲ್ಲ. ಡೇರೆ ಅಂದರೆ ಹೇಗಿರಬೇಕು ಎಂದು ನಿನಗೂ ನಿನ್ನ ಪೋಸ್ಟ್‌ಮ್ಯಾನಿಗೂ ತೋರಿಸುವುದಕ್ಕೆ.

ನಿಜ ಹೇಳಬೇಕೆಂದರೆ ಕೈಗೆ ಕೆಲಸ ಬೇಕಾಗಿತ್ತು. ಆ ಕುರ್ಚಿಯಲ್ಲಿ ಕೂರಲು ಆಗುತ್ತಿಲ್ಲ. ಕೂತರೆ ಬೆನ್ನು ಕೆಳಕ್ಕೆ ಜಗ್ಗಿಕೊಂಡು ಹೋಗುತ್ತದೆ. ಏಳಬೇಕಾದರೆ ಯಾರಾದರೂ ಬಂದು ಕೈ ಕೊಡಬೇಕು. ಏಳುತ್ತೇನೆ, ಅತ್ತಿಂದಿತ್ತ ಓಡಾಡುತ್ತೇನೆ, ಮಗ ನೋಡಿ "ಅಮ್ಮ, ಮಂಡಿ" ಅನ್ನುತ್ತಾನೆ. ಮತ್ತೆ ಕೂರುತ್ತೇನೆ. ಈಗೀಗ ಅವನು ನನ್ನನ್ನು ಕರೆಯುವುದೇ ಹಾಗೆ, ಅಮ್ಮ-ಮಂಡಿ.

ಮೊನ್ನೆ ಲಾರಿ ಮಾಲೀಕನೊಬ್ಬ ಬಂದ, ನಮ್ಮ ಹಳೇ ಗಿರಾಕಿ. ಬಾಗಿಲಲ್ಲಿ ನಿಂತು ಕೈ ಮುಗಿದ.

"ದೊಡ್ಡಮ್ಮ, ಆರೋಗ್ಯವಾ?"

"ಆರೋಗ್ಯ ವಿಚಾರಿಸೋಕೆ ಬಂದೆಯಾ, ಹೊದಿಕೆ ಹೊಲಿಸೋಕೆ ಬಂದೆಯಾ?"

"ಅಳತೆ ಒಳಗೆ ಕೊಟ್ಟುಬಿಡ್ತೀನಿ ದೊಡ್ಡಮ್ಮ, ನಿಮಗ್ಯಾಕೆ ತೊಂದರೆ."

ನನ್ನನ್ನು ದಾಟಿಕೊಂಡು ಒಳಗೆ ಹೋದ. ಅವನು ಕೂದಲಿದ್ದ ಕಾಲದಿಂದ ನನಗೆ ಅಳತೆ ಕೊಡುತ್ತಾ ಬಂದವನು. ಈ "ನಿಮಗ್ಯಾಕೆ ತೊಂದರೆ" ಎಂಬ ಮಾತನ್ನು ಯಾರು ಕಂಡುಹಿಡಿದರೋ ಅವರು ನನ್ನ ಕೈಗೆ ಸಿಗಬೇಕು.

ಸೊಸೆ ಕೆಲಸ ಬಲ್ಲವಳು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ದೊಡ್ಡ ಕತ್ತರಿಯನ್ನು ಅವಳಿಗೆ ಕೊಟ್ಟಿಲ್ಲ. ಮೇಜು ಕೊಟ್ಟೆ, ಕತ್ತರಿ ನನ್ನ ಕುರ್ಚಿಯ ಪಕ್ಕದ ಜೇಬಿನಲ್ಲಿದೆ. ಅವಳು ಅಂಗಡಿಯಿಂದ ತಂದ ಬೇರೊಂದರಲ್ಲಿ ಕತ್ತರಿಸುತ್ತಾಳೆ. ದಪ್ಪ ಬಟ್ಟೆ ಬಂದರೆ ಅದು ಹಲ್ಲು ಕಡಿದಂತೆ ಸದ್ದು ಮಾಡುತ್ತದೆ. ಅವಳೂ ಕೇಳಿಲ್ಲ, ನಾನೂ ಕೊಟ್ಟಿಲ್ಲ.

ಡೇರೆಗೆ ಲಾರಿ ಹೊದಿಕೆಯ ಬಟ್ಟೆಯನ್ನೇ ತೆಗೆದುಕೊಂಡೆ. ಅಂಚು ಮಡಿಚಿ, ಮೇಲೆ ಮತ್ತೆ ಮಡಿಚಿ, ಜೋಡಿ ಹೊಲಿಗೆ ಹಾಕಿ, ಹೊಲಿಗೆಯುದ್ದಕ್ಕೂ ಮೇಣ ತಿಕ್ಕಿದೆ. ಬಕೆಟ್ಟಿನಿಂದ ಅದರ ಮೇಲೆ ನೀರು ಹೊಯ್ದು ನೋಡಿದೆ. ಒಂದು ಹನಿ ಇಳಿಯಲಿಲ್ಲ. ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದು ಸುತ್ತ ನೋಡಿದಳು.

"ಅತ್ತೆ, ಮೇಲ್ಗಡೆ ಎಲ್ಲಾದರೂ ಒಂದು ಕಿಂಡಿ ಬಿಡಬೇಕಲ್ವಾ?"

"ಕಿಂಡಿ ಬಿಟ್ಟರೆ ನೀರು ಬರುತ್ತೆ."

"ಒಳಗೆ ಮನುಷ್ಯರು ಮಲಗ್ತಾರೆ ಅತ್ತೆ. ಲಾರೀಲಿ ಮೂಟೆ ಇರುತ್ತೆ. ಮೂಟೆ ಉಸಿರಾಡಲ್ಲ."

"ನನ್ನ ಕೈಯಿಂದ ಹೋದ ಬಟ್ಟೆಗೆ ತೂತಿದೆ ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ."

ಅವಳು ಆಯಿತು ಅಂದಳು. ಅವಳ ಆಯಿತು ಹೇಗಿರುತ್ತದೆಂದರೆ, ವಾದ ಮಾಡಿದ್ದರೇ ವಾಸಿ ಅನ್ನಿಸುತ್ತದೆ.

ಇನ್ನೊಂದು. ಉಗ್ರಾಣದಲ್ಲಿ ಬಟ್ಟೆ ಸುರುಳಿಗಳ ಹಿಂದೆ ನನ್ನ ಹಳೇ ಸೈಕಲ್ ಇತ್ತು. ಧೂಳು ಹೊಡೆಯಲೆಂದು ಹೊರಗೆ ತೆಗೆಸಿದೆ, ಅಷ್ಟೆ. ಸೈಕಲ್ ರಿಪೇರಿಯವನು ಅದನ್ನು ನೋಡಿ, "ಅಮ್ಮಾ, ಇದು ಮ್ಯೂಸಿಯಮ್ಮಿಗೆ ಹೋಗಬೇಕಾದ್ದು" ಅಂದ. "ಅಲ್ಲಿಗೇ ತುಳ್ಕೊಂಡು ಹೋಗ್ತೀನಿ, ನೀನು ಬ್ರೇಕು ಸರಿಮಾಡು" ಅಂದೆ.

ಇಂತಿ,
ನಿನ್ನ ಅಕ್ಕ


ಫೆಬ್ರವರಿ 21

ಅಕ್ಕಾ,

ಧೂಳು ಹೊಡೆಯಲು ಬ್ರೇಕು ಬೇಕಾಯಿತಾ?

ನರ್ಸ್ ಆಗಿ ಹೇಳುತ್ತಿದ್ದೇನೆ, ಕೇಳು. ಮಂಡಿ ನೋವಿಗೆ ನಿಲ್ಲುವುದು ಕೆಟ್ಟದ್ದು, ಮೆಲ್ಲಗೆ ತುಳಿಯುವುದು ಒಳ್ಳೆಯದು. ಸೀಟು ಎತ್ತರಿಸು. ಮೊದಲು ಗೋಡೆ ಹಿಡಿದು ಹತ್ತು. ಸೀರೆ ಬೇಡ ಅಂದರೆ ನೀನು ಕೇಳುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

ನಿನ್ನ ಮಗನಿಗೆ ಹೇಳಿದ್ದೀಯಾ?

ನೀನು ಕೊನೆಯ ಸಲ ನಮ್ಮ ಮನೆಗೆ ಬಂದದ್ದು ಇವರು ಹೋದ ದಿನ. ವ್ಯಾನಿನಲ್ಲಿ ಬಂದೆ, ಎಲ್ಲ ನೀನೇ ನಿಂತು ಮಾಡಿಸಿದೆ, ಯಾರು ಎಲ್ಲಿ ಕೂರಬೇಕೆಂದೂ ನೀನೇ ಹೇಳಿದೆ. ಸಂಜೆ ಹೊರಟೆ. ಸುಮ್ಮನೆ ನೆನಪಾಯಿತು, ಬರೆದೆ. ಹಿತ್ತಲಿನ ನಲ್ಲಿ ರಿಪೇರಿ ಮಾಡಿಸಿದೆ.

ನಿನ್ನ,
ಬಾಲ


ಮಾರ್ಚ್ 9

ತಂಗಿಗೆ,

ಬಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಮೂಳೆ ಮುರಿದಿಲ್ಲ. ಮೊಣಕೈ ತರಚಿದೆ.

ಬೆಳಗ್ಗೆ ಯಂತ್ರಗಳು ಶುರುವಾಗುವ ಮೊದಲು ಹಿಂದಿನ ಗಲ್ಲಿಯಲ್ಲಿ ತುಳಿಯುತ್ತಿದ್ದೆ. ಮರೆತಿರಲಿಲ್ಲ. ಕಾಲಿಗೆ ಗೊತ್ತಿತ್ತು. ಗಲ್ಲಿಯ ಕೊನೆಯವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಮನಸ್ಸು ಮಾತ್ರ ತಿರುಗುತ್ತಿರಲಿಲ್ಲ, ಮುಖ್ಯ ರಸ್ತೆಯ ಕಡೆಗೇ ಎಳೆಯುತ್ತಿತ್ತು. ಹಾಗೆ ನೋಡುತ್ತಿರುವಾಗಲೇ ಹಾಲಿನವನ ಗಾಡಿ ಅಡ್ಡ ಬಂತು. ನಾನು ಕಸದ ಡಬ್ಬಿಯ ಮೇಲೆ ಬಿದ್ದೆ. ಡಬ್ಬಿ ಉರುಳಿದ ಸದ್ದಿಗೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ದೊಡ್ಡಮ್ಮ ಕಸದ ನಡುವೆ ಕೂತಿರುವುದನ್ನು ನೋಡದವರು ಈ ಬೀದಿಯಲ್ಲಿ ಯಾರೂ ಉಳಿದಿಲ್ಲ.

ಮಗ ಓಡಿ ಬಂದ. ಎತ್ತಿ ನಿಲ್ಲಿಸಿದ.

"ಅಮ್ಮ, ಏನಿದು? ನಾಲ್ಕು ಜನ ನೋಡಿದರೆ ಏನಂತಾರೆ?"

"ಆ ನಾಲ್ಕು ಜನರ ಅಂಗಡಿಗೂ ನೆರಳು ಹೊಲಿದು ಕೊಟ್ಟವಳು ನಾನು. ಏನೂ ಅನ್ನಲ್ಲ."

"ನಿನಗೇನು ಕಡಿಮೆಯಾಗಿದೆ ಹೇಳು. ಕುರ್ಚಿ ಹಾಕಿಸಿದೀನಿ, ಫ್ಯಾನ್ ಹಾಕಿಸಿದೀನಿ. ಎಲ್ಲಿಗಾದರೂ ಹೋಗಬೇಕಾದರೆ ವ್ಯಾನ್ ಇದೆ."

"ನಿಮ್ಮ ಚಿಕ್ಕಮ್ಮ ಕರೆದಿದ್ದಾಳೆ. ಅವಳ ಜೊತೆ ಹಿನ್ನೀರಿಗೆ ಹೋಗ್ತೀನಿ. ಸೈಕಲ್ ಮೇಲೆ."

ಅವನು ನಗಲಿಲ್ಲ. ನಕ್ಕಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವನ ಕಣ್ಣು ಒದ್ದೆಯಾಯಿತು. ಸೈಕಲ್ಲಿಗೆ ಸರಪಳಿ ಸುತ್ತಿ ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಂಡ. ಅವನಪ್ಪ ಹೋದ ಮೇಲೆ ಈ ಮನೆಯ ಕೀಲಿಗಳೆಲ್ಲ ನನ್ನ ಸೊಂಟದಲ್ಲಿದ್ದವು. ಈಗ ನನ್ನ ಸೈಕಲ್ಲಿನ ಕೀಲಿ ನನ್ನ ಮಗನ ಜೇಬಿನಲ್ಲಿ. ಇದನ್ನು ನಾನು ಯಾರಿಗೆ ಹೇಳಲಿ?

ಮೂರು ದಿನ ಕುರ್ಚಿಯಲ್ಲೇ ಕೂತೆ. ಯಾರೊಡನೆಯೂ ಮಾತಾಡಲಿಲ್ಲ. ಕೆಲಸದವರು ರೇಡಿಯೊ ಹಾಕಲೇ ಇಲ್ಲ. ನಾಲ್ಕನೆಯ ದಿನ ಊಟದ ಹೊತ್ತಿಗೆ ಎಲ್ಲ ಹೊರಗೆ ಹೋದಾಗ ಸೊಸೆ ಬಂದು ನನ್ನ ಮಡಿಲಿಗೆ ಕೀಲಿ ಹಾಕಿದಳು.

"ಹೋಗಿ ಬನ್ನಿ ಅತ್ತೆ. ಅವರಿಗೆ ನಾನು ಹೇಳ್ತೀನಿ."

"ನಿನಗ್ಯಾಕೆ ನನ್ನ ಮೇಲೆ ಇಷ್ಟೊಂದು ಕನಿಕರ?"

"ಕನಿಕರ ಅಲ್ಲ ಅತ್ತೆ. ನೀವು ಅಲ್ಲಿ ಕೂತ್ಕೊಂಡು ನೋಡ್ತಾ ಇದ್ರೆ ನನ್ನ ಕೈ ನಡುಗುತ್ತೆ. ಎರಡು ದಿನ ನೀವಿಲ್ಲದೆ ಕತ್ತರಿಸಿ ನೋಡಬೇಕು."

ಇಷ್ಟು ವರ್ಷದಲ್ಲಿ ಅವಳು ನನ್ನೆದುರು ಆಡಿದ ಅತಿ ಉದ್ದದ ಮಾತು ಅದು. ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಕೀಲಿ ವಾಪಸ್ಸು ಕೊಡಲಿಲ್ಲ.

ದಿನ ಯಾವುದೆಂದು ಬರೆ.

ಇಂತಿ,
ನಿನ್ನ ಅಕ್ಕ


ಮಾರ್ಚ್ 17

ಅಕ್ಕಾ,

ಈ ತಿಂಗಳ ಕೊನೆಯ ಶನಿವಾರ. ಬಿಸಿಲೇರುವ ಮೊದಲು ಸೇತುವೆ ಹತ್ತಿರ. ನೀರು ಹೆಚ್ಚು ತಾ, ಸಾಮಾನು ಕಡಿಮೆ ತಾ. ಬ್ರೆಡ್ಡು, ಮೊಟ್ಟೆ, ಟೀ ಪುಡಿ ನಾನು ತರುತ್ತೇನೆ.

ನಾನು ಕಾಯುತ್ತೇನೆ. ಎಷ್ಟು ಹೊತ್ತು ಅಂತ ಬರೆಯುವುದಿಲ್ಲ, ಬರೆದರೆ ನೀನು ಅಷ್ಟು ಹೊತ್ತು ತಡ ಮಾಡಿ ಬರುತ್ತೀಯ.

ನಿನ್ನ,
ಬಾಲ


ಏಪ್ರಿಲ್ 8

ಅಕ್ಕಾ,

ಮನೆ ಮುಟ್ಟಿದೆ ಅಂತಲಾದರೂ ನಾಲ್ಕು ಸಾಲು ಬರೆಯಬಾರದಾ? ಒಂದು ವಾರ ಅಂಚೆಯ ದಾರಿ ನೋಡಿ, ಕೊನೆಗೆ ನಿನ್ನ ಸೊಸೆಗೆ ಫೋನು ಮಾಡಿದೆ. "ಬಂದಿದ್ದಾರೆ, ಕುರ್ಚಿಯಲ್ಲಿ ಕೂತಿದ್ದಾರೆ, ಮಾತಾಡ್ತಿಲ್ಲ" ಅಂದಳು.

ನಾನು ಅಷ್ಟು ನಗಬಾರದಿತ್ತಾ?

ಗುಂಪಿನವರಿಗೆ ನಮ್ಮ ಕಥೆ ಹೇಳಿದೆ, ಪೋಸ್ಟ್‌ಮ್ಯಾನ್ ನಕ್ಕು ಟೀ ಚೆಲ್ಲಿಕೊಂಡರು. ನಾನು ಹೇಳಿದ್ದು ಇಷ್ಟೇ. ನಮ್ಮಕ್ಕ ನನಗಿಂತ ಮೊದಲೇ ಬಂದು, ಸೀರೆ ಎತ್ತಿ ಕಟ್ಟಿ, ಸೇತುವೆಯನ್ನು ತಾನೇ ಕಟ್ಟಿಸಿದವಳ ಹಾಗೆ ನಿಂತಿದ್ದಳು. ಕ್ಯಾರಿಯರ್ ಮೇಲೆ ಡೇರೆ ಎಮ್ಮೆ ಕರುವಿನಷ್ಟಿತ್ತು. ಏರಿನಲ್ಲಿ ಮಂಡಿ ಕೈಕೊಟ್ಟು ಇಳಿದು ತಳ್ಳಿದಳು. ಹಿನ್ನೀರಿನ ಕಾವಲುಗಾರ ಡೇರೆ ನೋಡಿ, "ಇದರೊಳಗೆ ಲಾರಿ ನಿಲ್ಲಿಸ್ತೀರಾ ಅಮ್ಮ?" ಅಂತ ಕೇಳಿದ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ, ಡೇರೆಯೊಳಗೆ ಮಾತ್ರ ಹನಿ ಹನಿ ಮಳೆ. ನಮ್ಮಕ್ಕ ಟಾರ್ಚು ಹಿಡಿದು ಒಂದೊಂದು ಹೊಲಿಗೆಯನ್ನೂ ತಪಾಸಣೆ ಮಾಡಿದಳು. ಯಾವುದೂ ಸೋರಿರಲಿಲ್ಲ. ನಮ್ಮ ಉಸಿರೇ ಮೇಲೆ ಹೋಗಿ, ದಾರಿ ಸಿಗದೆ, ನೀರಾಗಿ ನಮ್ಮ ಮೇಲೇ ಬೀಳುತ್ತಿತ್ತು.

ಇಷ್ಟೇ ಹೇಳಿದ್ದು. ಬೇರೇನೂ ಹೇಳಿಲ್ಲ.

ಬಂದ ಮೇಲೆ ಮನೆಯಲ್ಲಿ ಮತ್ತೆ ನಿದ್ದೆ ಇಲ್ಲ. ಅದೇನು ದೊಡ್ಡ ವಿಷಯವಲ್ಲ, ಎದ್ದು ಪಾತ್ರೆ ಉಜ್ಜುತ್ತೇನೆ. ಪಾತ್ರೆಗಳೆಲ್ಲ ಕನ್ನಡಿಯಂತಿವೆ.

ಕೋಪವಿದ್ದರೆ ಬೈದು ಬರೆ. ಸುಮ್ಮನಿರಬೇಡ.

ನಿನ್ನ,
ಬಾಲ


ಏಪ್ರಿಲ್ 18

ತಂಗಿಗೆ,

ನಿನ್ನ ಗುಂಪಿನವರಿಗೆ ಸುಳ್ಳು ಹೇಳಿದ್ದೀಯ. ತಿದ್ದಿ ಹೇಳು.

ನಾನು ಏರಿನಲ್ಲಿ ಇಳಿದದ್ದು ಮಂಡಿಗಾಗಿ ಅಲ್ಲ. ಚೈನು ಕಳಚಿತ್ತು. ಹಾಕಿಕೊಂಡ ಮೇಲೂ ತಳ್ಳಿದ್ದು ಯಾಕೆಂದರೆ, ತಲೆಯೆತ್ತಿ ನೋಡಿದರೆ ನೀನೂ ಇಳಿದು ತಳ್ಳುತ್ತಿದ್ದೆ. ನಿನ್ನ ಚೈನಿಗೆ ಏನಾಗಿತ್ತು? ಏನೂ ಆಗಿರಲಿಲ್ಲ. ನೀನು ಅದನ್ನು ಯಾರಿಗೂ ಹೇಳಿಲ್ಲ. ನಾನು ನೋಡಿದೆ.

ಕಾವಲುಗಾರ ಹೇಳಿದ್ದು ಹಾಗಲ್ಲ. "ಇದು ಗಟ್ಟಿ ಕೆಲಸ" ಅಂತ ಮೊದಲು ಅಂದ, ಲಾರಿ ಮಾತು ಆಮೇಲೆ ಬಂತು. ಮೊದಲನೆಯದನ್ನು ನುಂಗಿಬಿಟ್ಟಿದ್ದೀಯ.

ಡೇರೆಯೊಳಗೆ ಹನಿ ಬಿದ್ದದ್ದು ನಿಜ. ಅದಕ್ಕೆ ತಿದ್ದುಪಡಿ ಇಲ್ಲ.

ನಾನು ಕಾಗದ ಬರೆಯದೆ ಕೂತದ್ದು ನಿನ್ನ ನಗುವಿಗೆ ಅಲ್ಲ. ನಿನ್ನ ನಗುವನ್ನು ನೀನು ಹುಟ್ಟಿದಾಗಿನಿಂದ ಸಹಿಸಿಕೊಂಡು ಬಂದಿದ್ದೇನೆ. ಹಾಸಿಗೆಗಳನ್ನು ಹೊರಗೆಳೆದು ಬಯಲಿನಲ್ಲಿ ಮಲಗಿದೆವಲ್ಲ, ಆಮೇಲಿನ ವಿಷಯ ನಿನಗೆ ಗೊತ್ತಿಲ್ಲ. ನಿದ್ದೆ ಹೋಗುವ ಮೊದಲು ನೀನು, "ಅಕ್ಕಾ, ಮನೇಲಿ ಉಸಿರಾಡೋ ಸದ್ದು ಒಂದೇ ಕಣೇ. ಅದನ್ನ ಕೇಳ್ತಾ ಮಲಗೋಕಾಗಲ್ಲ" ಅಂದೆ. ಅಂದು, ನಾನು ಉತ್ತರ ಹುಡುಕುವಷ್ಟರಲ್ಲಿ ಗೊರಕೆ ಹೊಡೆಯತೊಡಗಿದೆ. ನನ್ನ ಸೆರಗಿನ ತುದಿ ನಿನ್ನ ಮುಷ್ಟಿಯಲ್ಲಿತ್ತು, ಹಿಂದೆ ಜಡೆ ಹಿಡಿಯುತ್ತಿದ್ದ ಹಾಗೆ. ಬಿಡಿಸಿಕೊಳ್ಳಬಹುದಿತ್ತು. ಮಗ್ಗುಲು ಬದಲಿಸದೆ ಹಾಗೇ ಇದ್ದೆ. ನೀರಿನ ಮೇಲೆ ಬೆಳಕು ಬರುವವರೆಗೆ ನಾನು ಮಲಗಲಿಲ್ಲ, ನೀನು ಏಳಲಿಲ್ಲ.

ಬೆಳಗ್ಗೆ ನೀನು ಎದ್ದು "ಎಷ್ಟು ಚೆನ್ನಾಗಿ ನಿದ್ದೆ ಬಂತು, ಗಾಳಿ ಒಳ್ಳೇದು" ಅಂದೆ. ಗಾಳಿಯಂತೆ.

ಮನೆಗೆ ಬಂದು ಆ ಕುರ್ಚಿಯಲ್ಲಿ ಕೂತಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಕೂತರೆ ಏಳಬೇಕೆನ್ನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ಗೊತ್ತಿಲ್ಲ. ಅದರ ನಡುವೆ ಸೊಸೆ ಒದ್ದೆ ಡೇರೆಯನ್ನು ಅಂಗಳದಲ್ಲಿ ಹರಡಿ ಒಣಗಿಸಿದಳು. ಒಳಮೈ ಕಪ್ಪು ಚುಕ್ಕೆ ಹಿಡಿಯಲು ಶುರುವಾಗಿತ್ತು. ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ನನ್ನ ಕಡೆ ನೋಡಲಿಲ್ಲ. ನಾನು ಹೇಳಿದ್ದೆನಲ್ಲ ಎಂದು ಒಂದು ಮಾತು ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳನ್ನು ಸೊಸೆ ಮಾಡಿಕೊಂಡದ್ದು ನಾನೇ, ದೂರುವಂತಿಲ್ಲ.

ಆ ಎರಡು ದಿನ ಅವಳು ಕತ್ತರಿಸಿದ ಹೊದಿಕೆಯನ್ನೂ ನೋಡಿದೆ. ಯಾರೂ ಇಲ್ಲದಾಗ ಬಿಚ್ಚಿ ಅಳೆದೆ. ಸರಿಯಾಗಿತ್ತು. ನಾನು ಕತ್ತರಿಸಿದ್ದರೆ ಅಂಚಿನಲ್ಲಿ ಇನ್ನೊಂದಿಷ್ಟು ಬಟ್ಟೆ ಹಾಳಾಗುತ್ತಿತ್ತು.

ಮೊನ್ನೆ, ಕೆಲಸದವರೆಲ್ಲ ಇರುವಾಗ, ಡೇರೆಯನ್ನು ಮೇಜಿನ ಮೇಲೆ ಹಾಕಿಸಿದೆ. ಕುರ್ಚಿಯ ಜೇಬಿನಿಂದ ದೊಡ್ಡ ಕತ್ತರಿ ತೆಗೆದು ಸೊಸೆಯ ಕೈಗೆ ಕೊಟ್ಟೆ.

"ಕತ್ತರಿಸು."

"ಎಲ್ಲಿ ಅತ್ತೆ?"

"ನಿನಗೆ ಎಲ್ಲಿ ಅನ್ನಿಸುತ್ತೋ ಅಲ್ಲಿ."

ಯಂತ್ರಗಳು ಒಂದೊಂದಾಗಿ ನಿಂತವು. ಅವಳು ಎರಡೂ ತುದಿಯಲ್ಲಿ ಮೇಲಕ್ಕೆ ಒಂದೊಂದು ಕಿಂಡಿ ತೆಗೆದಳು. ಮಳೆ ನೀರು ನುಗ್ಗದಂತೆ ಮೇಲೊಂದು ಸಣ್ಣ ರೆಪ್ಪೆ ಹೊಲಿದಳು, ಕಣ್ಣಿನ ರೆಪ್ಪೆಯ ಹಾಗೆ. ಕೈ ನಡುಗಲಿಲ್ಲ. ನಾನು ನೋಡುತ್ತಲೇ ಇದ್ದೆ, ನಡುಗಲಿಲ್ಲ. ಮುಗಿಸಿ ಕತ್ತರಿಯನ್ನು ನನಗೆ ಹಿಂತಿರುಗಿಸಲು ಬಂದಳು.

"ಅಲ್ಲೇ ಮೇಜಿನ ಮೇಲಿಡು. ಅದರ ಜಾಗ ಅದು."

ಅವಳು ಈ ಸಲವೂ ಆಯಿತು ಅಂದಳು. ಈ ಆಯಿತು ಬೇರೆ ಥರ ಇತ್ತು.

ಆಮೇಲೆ ನಾನು ಕುರ್ಚಿಯ ಬಟ್ಟೆ ಬಿಚ್ಚಿದೆ. ಒಳ್ಳೆಯ ಕ್ಯಾನ್ವಾಸ್, ಸುಮ್ಮನೆ ಕೂತು ಸವೆಸುವಂಥದ್ದಲ್ಲ. ಅದರಲ್ಲಿ ಸೈಕಲ್ಲಿನ ಹಿಂದೆ ಎರಡೂ ಬದಿಗೆ ತೂಗುಹಾಕುವ ಜೋಡಿ ಚೀಲ ಹೊಲಿದೆ. ಮಗ ಬಂದು ಬರೀ ಮರದ ಚೌಕಟ್ಟು ನಿಂತಿರುವುದನ್ನು ನೋಡಿದ.

"ಅಮ್ಮ, ಇನ್ನು ಎಲ್ಲಿ ಕೂರ್ತೀಯ?"

"ಕೂರಬೇಕು ಅನ್ನಿಸಿದಾಗ ಹೇಳಿ ಕಳಿಸ್ತೀನಿ."

"ನಿನ್ನ ಮಂಡಿ ಅಮ್ಮ."

"ಮಂಡಿಯನ್ನೂ ಕರ್ಕೊಂಡೇ ಹೋಗ್ತೀನಿ, ಬಿಟ್ಟು ಹೋಗಲ್ಲ."

ಸೊಸೆ ಮುಖ ತಿರುಗಿಸಿಕೊಂಡಳು. ನಕ್ಕಳು ಅಂತ ಕಾಣುತ್ತದೆ. ಮಗ ಹೋಗಿ ಸೈಕಲ್ಲಿನ ಚಕ್ರಕ್ಕೆ ತಾನೇ ಗಾಳಿ ಹೊಡೆದ. ಅಷ್ಟು ಹೊಡೆದ, ಸಾಕು ಅನ್ನಬೇಕಾಯಿತು.

ಇಲ್ಲಿಯವರೆಗೆ ಬರೆದದ್ದು ನಿನ್ನೆ, ಮನೆಯಲ್ಲಿ. ಮುಂದಿನದು ಪೆನ್ಸಿಲಿನಲ್ಲಿದೆ.

ಈ ಕಾಗದಕ್ಕೆ ಅಂಚೆ ಚೀಟಿ ಹಚ್ಚಿಲ್ಲ, ಕವರು ತಿರುಗಿಸಿ ನೋಡು. ಬೆಳಗ್ಗೆ ಹೊರಟೆ. ಸೇತುವೆ ಹತ್ತಿರ ನಿಂತು ನೀರು ಕುಡಿದೆ. ಹೋದ ಸಲ ಅಲ್ಲಿಂದ ಎಡಕ್ಕೆ ತಿರುಗಿದ್ದೆವು. ಈ ಸಲ ನೇರ ಬಂದೆ. ಆ ಕಡೆ ರಸ್ತೆ ಇಷ್ಟು ಕೆಟ್ಟಿದೆ ಎಂದು ನೀನು ಹೇಳಿರಲಿಲ್ಲ. ಮೂರು ಕಡೆ ಇಳಿದು ತಳ್ಳಿದೆ, ಈ ಸಲ ಚೈನು ಸರಿಯಾಗಿಯೇ ಇತ್ತು. ಬೇಕಾದರೆ ಪೋಸ್ಟ್‌ಮ್ಯಾನಿಗೆ ಹೇಳು.

ಮಗನಿಗೆ ಹೇಳಿಯೇ ಬಂದಿದ್ದೇನೆ. ಕೇಳಿ ಬಂದಿಲ್ಲ, ಹೇಳಿ ಬಂದಿದ್ದೇನೆ. ಯಾವಾಗ ಹಿಂದಿರುಗುತ್ತೇನೆ ಎಂದು ಅವನೂ ಕೇಳಲಿಲ್ಲ, ನೀನೂ ಕೇಳಬೇಡ. ಚೀಲಗಳಲ್ಲಿ ನನ್ನ ಬಟ್ಟೆಬರೆ ಇದೆ, ಕ್ಯಾರಿಯರ್ ಮೇಲೆ ಡೇರೆ. ನೀನು ಗುಂಪಿನ ಜೊತೆ ಹೋಗುವಾಗ ಆ ಪರಪರ ಅನ್ನುವುದನ್ನು ತೆಗೆದುಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಉಳಿದ ದಿನಗಳಿಗೆ ನಿನ್ನ ಕೋಣೆಯಲ್ಲೇ ನನಗೂ ಹಾಸಿಗೆ ಹಾಕು. ಕಿಟಕಿ ತೆರೆದಿರಲಿ. ನಾನು ಗೊರಕೆ ಹೊಡೆಯುವುದಿಲ್ಲ, ಆದರೆ ಉಸಿರು ಜೋರು.

ನಿನ್ನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಪಾತ್ರೆ ಉಜ್ಜುವ ಸದ್ದು ಕೇಳುತ್ತಿದೆ. ಕಾಗದವನ್ನು ಬಾಗಿಲ ಕೆಳಗಿನಿಂದ ತೂರಿಸುತ್ತೇನೆ, ಓದು. ಓದುತ್ತಾ ಈ ಸಾಲಿಗೆ ಬರುವವರೆಗೆ ನೀನು ಬಾಯಿ ಮುಚ್ಚಿಕೊಂಡಿದ್ದೆ ತಾನೆ? ಸರಿ. ನನ್ನ ಮಾತು ಮುಗಿಯಿತು.

ಕೈ ಒರೆಸಿಕೊಂಡು ಬಾಗಿಲು ತೆಗೆ.

ಇಂತಿ,
ಹೊರಗಿನಿಂದ,
ನಿನ್ನ ಅಕ್ಕ